ಅಕ್ಕನ ಎಡಗಣ್ಣಿನ ಕೆಂಪು

ಆಗೆಲ್ಲ ಕೆಲಸದ ಹೊತ್ತಿನಲ್ಲಿ ನನ್ನ ಅಕ್ಕನ ಮುಖ ಅರ್ಧವೇ ಕಾಣುತ್ತಿತ್ತು. ಎಡಗಣ್ಣಿನ ಮೇಲೆ ಕಪ್ಪು ಬಟ್ಟೆಯ ತುಂಡೊಂದು ಇಳಿಬಿದ್ದಿರುತ್ತಿತ್ತು. ಹೊಸ ಗಿರಾಕಿಗಳು ಶೆಡ್ಡಿನೊಳಗೆ ಇಣುಕಿ, "ಪಾಪ, ಕಣ್ಣಿಗೇನಾಯ್ತು?" ಎಂದು ಕೇಳುತ್ತಿದ್ದರು. ಕೌಂಟರಿನಲ್ಲಿ ಕೂತ ನಾನು, "ಏನೂ ಆಗಿಲ್ಲ, ಅದೇ ನಮ್ಮ ಅಂಗಡಿ ಬಂಡವಾಳ. ದೃಷ್ಟಿ ಆಗದಿರಲಿ ಅಂತ ಮುಚ್ಚಿಟ್ಟಿದ್ದೀವಿ" ಎನ್ನುತ್ತಿದ್ದೆ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ನಮ್ಮದು ಎಂದರೆ ಯಜಮಾನರದು. ಅಕ್ಕ ಹದಿನೆಂಟು ವರ್ಷದಿಂದ, ನಾನು ಹತ್ತು ವರ್ಷದಿಂದ ಅಲ್ಲಿ ದುಡಿಯುತ್ತಿದ್ದೇವೆ, ಹಾಗಾಗಿ ನಮ್ಮದು. ಮಾಸಿದ ಸಮವಸ್ತ್ರ, ಬಿಸಿಲಿಗೆ ಬಿಳಿಚಿಕೊಂಡ ಕಿಟಕಿ ಪರದೆ, ಶಾಯಿ ಚೆಲ್ಲಿಸಿಕೊಂಡ ಮೇಜಿನ ಬಟ್ಟೆ, ಎಲ್ಲವೂ ನನ್ನ ಕೌಂಟರಿಗೆ ಬರುತ್ತವೆ. ನಾನು ಚೀಟಿ ಬರೆದು ಹಿಂದಕ್ಕೆ ಕಳಿಸುತ್ತೇನೆ. ಹಿಂದಿನ ಶೆಡ್ಡಿನಲ್ಲಿ ಮೂರು ದೊಡ್ಡ ಹಂಡೆಗಳು ಕುದಿಯುತ್ತಿರುತ್ತವೆ. ಅಲ್ಲಿ ಹಬೆ, ಉಪ್ಪಿನ ವಾಸನೆ, ಉದ್ದನೆಯ ಕೋಲು ಹಿಡಿದ ಅಕ್ಕ.

ಅಕ್ಕನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಮೂರು ಕಟ್ಟಳೆ ಹಾಕಿಕೊಟ್ಟಿದ್ದ. ಮೊದಲನೆಯದು, ಕುದಿಯುವ ಹಂಡೆಯನ್ನೇ ದಿಟ್ಟಿಸಿ ನಿಂತ ಕಣ್ಣು ದಣಿಯುತ್ತದೆ, ದಣಿದ ಕಣ್ಣು ಸುಳ್ಳು ಹೇಳುತ್ತದೆ. ಅದಕ್ಕೆ ಒಂದು ಕಣ್ಣಿಗೆ ವಿಶ್ರಾಂತಿ ಕೊಡಬೇಕು, ಬಟ್ಟೆಯನ್ನು ಮೇಲೆತ್ತಿದಾಗ ಆ ಕಣ್ಣೊಂದರಿಂದಲೇ ತೀರ್ಮಾನ ಮಾಡಬೇಕು. ಎರಡನೆಯದು, ಗಿರಾಕಿ ಕೊಟ್ಟ ಮಾದರಿ ತುಂಡನ್ನು ಹಂಡೆಯ ಹತ್ತಿರ ತರಲೇಬಾರದು. ಒದ್ದೆ ಬಟ್ಟೆ ಒಣಗಿದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಒದ್ದೆಯನ್ನು ಒಣಗಿದ್ದರ ಪಕ್ಕ ಹಿಡಿದರೆ ಮೋಸ ಹೋಗುವುದು ಖಂಡಿತ. ಬಣ್ಣವನ್ನು ತಲೆಯಲ್ಲಿ ಹೊತ್ತುಕೊಂಡೇ ಹಂಡೆಯ ಹತ್ತಿರ ಹೋಗಬೇಕು. ಮೂರನೆಯದು, ಒದ್ದೆ ಇರುವಾಗ ಯಾರು ಏನೇ ಕೇಳಿದರೂ ಬಾಯಿ ಬಿಡಬಾರದು.

ಈ ಮೂರನೆಯದರಿಂದ ನನ್ನ ರಕ್ತ ಕುದಿಯುತ್ತಿತ್ತು. ಕೌಂಟರಿನ ಮುಂದೆ ಗಿರಾಕಿ ನಿಂತು, "ನನ್ನ ಕೋಟು ಸರಿಯಾಗಿ ಬಂತಾ?" ಎಂದು ಕೇಳುತ್ತಾನೆ. ನಾನು ಒಳಗೆ ಕೂಗುತ್ತೇನೆ, "ಅಕ್ಕಾ, ಕೋಟು ಏನಾಯ್ತು?" ಒಳಗಿನಿಂದ ಉತ್ತರ, "ಒಣಗಲಿ, ಹೇಳ್ತೀನಿ." ಸರಿಯಾಗಿದೆಯೋ ಇಲ್ಲವೋ ಒಂದು ಮಾತು ಹೇಳಿದರೆ ಇವಳ ಗಂಟೇನು ಹೋಗುತ್ತದೆ? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೇ ಮನೆಯಲ್ಲಿ ನನ್ನನ್ನು ಪಟಾಕಿ ಎನ್ನುತ್ತಾರೆ. ಅಕ್ಕ ನನಗೆ ತದ್ವಿರುದ್ಧ. ಅವಳಿಗೆ ಬರುವುದು ಕೋಪವಲ್ಲ, ಹುಚ್ಚು ಹುರುಪು. ಹೊಸ ನೀಲಿಯೊಂದು ಸಿಕ್ಕಿದರೆ ಊಟ ಬಿಟ್ಟು ಓಡಿ ಬಂದು ನನ್ನ ಭುಜ ಅಲ್ಲಾಡಿಸುತ್ತಾಳೆ. ಮೂವತ್ತೆಂಟು ವರ್ಷದ ಹೆಂಗಸು!

ಅಂಥವಳ ಕೈಗೆ ಆ ವರ್ಷ ರಂಗಮಂದಿರದ ಅಂಕದ ಪರದೆ ಬಂತು.

ಹಳೆಯ ರಂಗಮಂದಿರವನ್ನು ದುರಸ್ತಿ ಮಾಡಿ ಮತ್ತೆ ತೆರೆಯುತ್ತಿದ್ದರು. ಅದರ ಮಖಮಲ್ ಪರದೆ ಕೆಂಪು ಹೋಗಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಹೊಲಿಗೆ ಬಿಚ್ಚಿ ಹನ್ನೆರಡು ತುಂಡು ಮಾಡಿ ನಮ್ಮಲ್ಲಿಗೆ ತಂದರು. ಒಂದು ಹಂಡೆಗೆ ಒಂದು ಸಲಕ್ಕೆ ಒಂದೇ ತುಂಡು, ಆದರೂ ಹನ್ನೆರಡೂ ಒಂದೇ ಕೆಂಪಾಗಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ದೀಪ ಬಿದ್ದಾಗ ಪಟ್ಟೆಪಟ್ಟೆಯಾಗಿ ಕಾಣುತ್ತದೆ. "ಐದು ವಾರ ಇದೆ. ಆಗುತ್ತಾ?" ಎಂದು ಮ್ಯಾನೇಜರ್ ಕೇಳಿದರು. ಅಕ್ಕನ ಮುಖ ಮೊರದಗಲವಾಯಿತು. ಯಜಮಾನರು ಬಾಯಿ ತೆರೆಯುವ ಮೊದಲೇ, "ಆಗುತ್ತೆ ಸರ್!" ಎಂದುಬಿಟ್ಟಳು.

ನಾಲ್ಕು ತುಂಡು ಸೊಗಸಾಗಿ ಬಂದವು. ಐದನೆಯದಕ್ಕೆ ಅಕ್ಕ ಮೂರು ಸಲ ಬಣ್ಣದ ಪುಡಿ ಸೇರಿಸಿದಳು. ಬಟ್ಟೆ ಎತ್ತುವುದು, ಕಪ್ಪು ಪಟ್ಟಿ ಸರಿಸಿ ಎಡಗಣ್ಣಿನಿಂದ ನೋಡುವುದು, "ಇನ್ನೂ ಏರಬೇಕು" ಎನ್ನುವುದು. ಈ ಡಬ್ಬಿಯ ಪುಡಿಯೇ ಸತ್ತುಹೋಗಿದೆ ಎಂದು ಯಜಮಾನರು ಪುಡಿ ಮಾರುವವನಿಗೆ ಫೋನು ಮಾಡಿ ಬೈದರು. ಅಕ್ಕನ ಕಣ್ಣಿನ ಮೇಲೆ ಅನುಮಾನ ಪಡುವುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದ ಹಗ್ಗದ ಮೇಲೆ ಐದೂ ಒಣಗಿದ್ದವು. ನೋಡಿದವಳೇ ನಾನು ಹೌಹಾರಿದೆ. ನಾಲ್ಕು ಕೆಂಪು, ಐದನೆಯದು ಬೀಟ್ರೂಟ್ ಬೇಯಿಸಿದ ನೀರಿನ ಹಾಗೆ ಕಡುಗೆಂಪು.

"ಅಕ್ಕಾ, ಬಾ ಇಲ್ಲಿ! ಐದನೇದು ಕೆಟ್ಟು ಕೂತಿದೆ!"

ಅಕ್ಕ ಬಂದಳು, ಪಟ್ಟಿ ಸರಿಸಿ, ಬಲಗಣ್ಣು ಮುಚ್ಚಿ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು. "ಐದನೇದು ಸರಿಯಾಗೇ ಇದೆಯಲ್ಲೇ. ಈ ನಾಲ್ಕು ಬಿಳಿಚಿಕೊಂಡಿವೆ. ಒಂದೇ ವಾರದಲ್ಲಿ ಹೇಗೆ?"

"ತಮಾಷೆ ಮಾಡ್ಬೇಡ. ಆ ಕಣ್ಣು ಮುಚ್ಚು, ಇನ್ನೊಂದರಲ್ಲಿ ನೋಡು."

ಅವಳು ಹಾಗೇ ಮಾಡಿದಳು. ಎಡ ಮುಚ್ಚಿ ಬಲ, ಬಲ ಮುಚ್ಚಿ ಎಡ, ಮತ್ತೆ ಬಲ, ಮತ್ತೆ ಎಡ. ಆಮೇಲೆ ನನ್ನ ಭುಜ ಹಿಡಿದು ಅಲ್ಲಾಡಿಸತೊಡಗಿದಳು.

"ಏ ಪಟಾಕಿ! ನನಗೆ ಎರಡು ಕೆಂಪು ಕಾಣ್ತಿದೆ ಕಣೇ! ಬಲಗಡೆ ಕೆಂಪು, ಎಡಗಡೆ ಅದೇ ಕೆಂಪನ್ನು ಹತ್ತು ಸಲ ಒಗೆದು ಬಿಸಿಲಿಗೆ ಹಾಕಿದ ಹಾಗೆ! ಎಂಥಾ ವಿಚಿತ್ರ!"

ಅವಳಿಗೆ ಭಯಕ್ಕಿಂತ ಮೊದಲು ಖುಷಿಯಾಗಿತ್ತು, ಇದು ನನ್ನ ಕಣ್ಣಾರೆ ಕಂಡ ಸತ್ಯ. ಭಯ ಬಿದ್ದವಳು ನಾನು. ಬಾಯಿ ಬಿಡಿಸಿ ಕೇಳಿದಾಗ ಒಂದೊಂದೇ ಹೊರಬಂತು. ಒಂದು ವಾರದಿಂದ ಕಣ್ಣು ಹೊರಳಿಸಿದರೆ ಹಿಂದೆ ನೋವಂತೆ. ಸ್ವಲ್ಪ ಮಂಜು ಮಂಜಂತೆ. ಹಬೆಯಿಂದ ಇರಬೇಕು ಎಂದುಕೊಂಡಳಂತೆ. ಎರಡೂ ಕಣ್ಣಿನಿಂದ ನೋಡುವ ಯಾರಿಗಾದರೂ ಒಳ್ಳೆಯ ಕಣ್ಣು ಕೈಹಿಡಿದು ನಡೆಸುತ್ತಿತ್ತು. ನಮ್ಮ ಅಕ್ಕ ಒಳ್ಳೆಯ ಕಣ್ಣನ್ನು ಮುಚ್ಚಿ, ಕೆಟ್ಟ ಕಣ್ಣಿನ ಮಾತು ಕೇಳಿ, ಪುಡಿ ಸುರಿದಿದ್ದಳು. ಅಷ್ಟು ನಿಯತ್ತಿನಿಂದ ತಪ್ಪು ಮಾಡುವುದು ಬಣ್ಣದ ಕೆಲಸದವರಿಗೆ ಮಾತ್ರ ಸಾಧ್ಯ.

ಯಜಮಾನರು ಅಂಗಳದಲ್ಲಿ ಕುಸಿದು ಕೂತರು. ಕೆಟ್ಟವರಲ್ಲ ಅವರು, ಗಾಬರಿಯ ಮನುಷ್ಯ. "ನೋಡಮ್ಮ, ಕಣ್ಣೇ ಹೀಗಾದ್ರೆ ನಾನೇನು ಮಾಡ್ಲಿ? ಉಳಿದದ್ದನ್ನ ಆಚೆ ಫ್ಯಾಕ್ಟರಿಗೆ ಕೊಟ್ಟುಬಿಡ್ತೀನಿ. ಅಲ್ಲಿ ಬಣ್ಣ ಅಳೆಯೋ ಮೆಷಿನ್ ಇದೆ. ನೀನು ಚೀಟಿ ಬರ್ಕೊಂಡು ಪಟಾಕಿ ಜೊತೆ ಮುಂದೆ ಕೂತ್ಕೋ."

ಅಕ್ಕನ ಮುಖದ ಬಣ್ಣ ಇಳಿದದ್ದು ಆಗ. ಅಷ್ಟು ವರ್ಷ ಹಂಡೆಯ ಮುಂದೆ ನಿಂತವಳನ್ನು ಕೌಂಟರಿಗೆ ಕೂರಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. "ನಾಲ್ಕು ದಿನ ಕೊಡಿ ಯಜಮಾನ್ರೇ. ಡಾಕ್ಟರ್ ಏನಂತಾರೋ ಕೇಳ್ಕೊಂಡು ಬರ್ತೀನಿ" ಎಂದಳು.

ಕಣ್ಣಿನ ಡಾಕ್ಟರು ನೋಡಿ, ಕಣ್ಣಿಗೇನೂ ಆಗಿಲ್ಲ, ಹಿಂದಿರುವ ನರ ಊದಿಕೊಂಡಂತಿದೆ ಎಂದು ಆ ದಿನವೇ ನರದ ಡಾಕ್ಟರಿಗೆ ಬರೆದುಕೊಟ್ಟರು. ನರದ ಡಾಕ್ಟರು ಕುಳ್ಳನೆಯ ಹೆಂಗಸು. ಮೇಜಿನ ಮೇಲಿದ್ದ ಔಷಧಿ ಬಾಟಲಿಯ ಕೆಂಪು ಮುಚ್ಚಳವನ್ನು ಎತ್ತಿ ಹಿಡಿದರು.

"ಬಲಗಣ್ಣಿಗೆ ಇದು ನೂರಕ್ಕೆ ನೂರು ಕೆಂಪು ಅಂದ್ಕೊಳ್ಳಿ. ಎಡಗಣ್ಣಿಗೆ ಎಷ್ಟು?"

ಎಲ್ಲರೂ ಐವತ್ತು, ಅರವತ್ತು ಎಂದು ಹೇಳುತ್ತಾರಂತೆ. ಅಕ್ಕ ಕುರ್ಚಿಯ ತುದಿಗೆ ಬಂದು ಮುಚ್ಚಳವನ್ನೇ ನುಂಗುವ ಹಾಗೆ ನೋಡಿದಳು.

"ನಲವತ್ತೊಂದು ಮೇಡಂ. ನಲವತ್ತೆರಡು ಅನ್ನಬಹುದಿತ್ತು, ಆದ್ರೆ ಸ್ವಲ್ಪ ಬೂದಿ ಬಣ್ಣ ಸೇರಿದೆ. ಮತ್ತೆ, ಬಲಗಣ್ಣಿಗೂ ಇದು ನೂರಲ್ಲ. ನಿಮ್ಮ ಮುಚ್ಚಳ ಒಂದು ಕಡೆ ಬಿಸಿಲಿಗೆ ಮಾಸಿದೆ."

ಡಾಕ್ಟರು ಮುಚ್ಚಳವನ್ನು ತಿರುಗಿಸಿ ನೋಡಿಕೊಂಡರು. ಒಂದು ಪಕ್ಕ ನಿಜವಾಗಿಯೂ ಮಾಸಿತ್ತು. ಅವರು ನಕ್ಕುಬಿಟ್ಟರು, ನಾನೂ ನಕ್ಕೆ. ಆ ನಗು ಸ್ಕ್ಯಾನ್ ಕೋಣೆಯ ಬಾಗಿಲಿನವರೆಗೆ ಮಾತ್ರ ಬಂತು. ಅಕ್ಕ ಕೈಬಳೆ, ಓಲೆ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು.

"ನನಗೆ ಭಯ ಆಗ್ತಿದೆ ಕಣೇ," ಎಂದಳು. "ಕಣ್ಣು ಹೋದ್ರೆ ನಾನು ಯಾರು?"

"ನನ್ನಕ್ಕ" ಎಂದೆ.

ಸ್ಕ್ಯಾನಿನಲ್ಲಿ ಮಿದುಳಿನ ಒಂದು ಕಡೆ ಸಾಸಿವೆಯಷ್ಟು ಬಿಳಿ ಚುಕ್ಕೆಯೊಂದು ಕಂಡಿತು. ರಕ್ತ ಪರೀಕ್ಷೆ ಮಾಡಿ, ಹೀಗೇ ಕಾಣುವ ಬೇರೆ ಕೆಲವು ರೋಗಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ಬೆನ್ನಿನಿಂದ ನೀರು ತೆಗೆದೂ ನೋಡಿದರು. ಅದರಲ್ಲಿ ಹೌದು ಎನ್ನುವಂಥದ್ದೇನೂ ಸಿಗಲಿಲ್ಲ. ಹಾಗೆಂದು ಇಲ್ಲ ಎನ್ನಲೂ ಆಗದಂತೆ. ಮೂರನೆಯ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮೊದಲ ಸಲ ಆ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನರಗಳ ಮೇಲೂ ಒಂದು ಹೊದಿಕೆ ಇರುತ್ತದೆ. ಮೈಯ ಕಾವಲು ಪಡೆಯೇ ತಪ್ಪು ತಿಳಿದು ಅದನ್ನು ಅಲ್ಲಲ್ಲಿ ಕೆಡಿಸುವ ಕಾಯಿಲೆ ಅದು.

"ಹಾಗಾದ್ರೆ ಇವಳಿಗೆ ಅದೇನಾ?" ಎಂದೆ.

"ಇರಬಹುದು. ಇಲ್ಲದೆಯೂ ಇರಬಹುದು."

"ಇದೆಂಥಾ ಉತ್ತರ? ಅಷ್ಟು ದೊಡ್ಡ ಮೆಷಿನ್ ಒಳಗೆ ಮಲಗಿಸಿದ್ರಿ, ಬೆನ್ನಿಗೆ ಸೂಜಿ ಚುಚ್ಚಿದ್ರಿ. ಹೌದು ಇಲ್ಲವೇ ಅಲ್ಲ, ಎರಡರಲ್ಲಿ ಒಂದು ಹೇಳೋಕೆ ಆಗಲ್ವಾ ನಿಮಗೆ?" ನಾನು ಮೇಜು ಕುಟ್ಟಿದ್ದೆ. ಕೆಂಪು ಮುಚ್ಚಳ ಉರುಳಿ ಕೆಳಗೆ ಬಿತ್ತು.

ಡಾಕ್ಟರು ಮುಚ್ಚಳ ಎತ್ತಿಕೊಂಡರು, ಕೋಪ ಮಾಡಿಕೊಳ್ಳಲಿಲ್ಲ. "ಈ ಕಾಯಿಲೆಗೆ ಆ ಹೆಸರಿಡಬೇಕಾದ್ರೆ ಸಾಮಾನ್ಯವಾಗಿ ನಾವು ಎರಡು ವಿಷಯ ನೋಡ್ತೀವಿ. ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಆಗಿರಬೇಕು, ಒಂದಕ್ಕಿಂತ ಹೆಚ್ಚು ಕಾಲದಲ್ಲಿ ಆಗಿರಬೇಕು. ಇವರಿಗೆ ಒಂದು ಸಲ, ಒಂದು ಕಣ್ಣಿಗೆ ಆಗಿದೆ. ಆ ಚುಕ್ಕೆ ಇದೆಯಲ್ಲ, ಅಂಥದ್ದು ಬರೀ ತಲೆನೋವಿನವರಲ್ಲೂ ಸಿಗುತ್ತೆ, ಏನೂ ಇಲ್ಲದವರಲ್ಲೂ ಸಿಗುತ್ತೆ. ಹಿಂದೆ ಯಾವಾಗಾದ್ರೂ ಕೈಕಾಲು ಜೋಮು, ಬಲ ಕಡಿಮೆ, ಏನಾದ್ರೂ ಆಗಿತ್ತಾ?"

ಅಕ್ಕ ಯೋಚಿಸಿದಳು. ಆರು ವರ್ಷದ ಕೆಳಗೆ ಎಡಪಾದ ಎರಡು ವಾರ ಮರಗಟ್ಟಿತ್ತು. ಒದ್ದೆ ನೆಲದ ಮೇಲೆ ಬಿಗಿ ಬೂಟಿನಲ್ಲಿ ನಿಂತು ಹಾಗಾಯಿತೆಂದು ಎಣ್ಣೆ ತಿಕ್ಕಿದ್ದಳು.

"ಅದು ಇದೇ ಇರಬಹುದು, ಬೂಟೇ ಇರಬಹುದು. ಆಗ ಯಾರೂ ನೋಡಿಲ್ಲ. ಈಗ ಊಹೆ ಮೇಲೆ ಹೆಸರಿಟ್ಟರೆ ಬೇಡದ ಔಷಧಿ ವರ್ಷಗಟ್ಟಲೆ ನುಂಗಿಸಿದ ಹಾಗಾಗಬಹುದು. ಅವಸರದಲ್ಲಿ ಇಲ್ಲ ಅಂದುಬಿಟ್ಟರೆ, ಬೇಕಾದ ಔಷಧಿ ತಪ್ಪಿಹೋಗುತ್ತೆ. ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ. ನಡುವೆ ಹೊಸದೇನಾದ್ರೂ ಆಗಿ ಒಂದು ದಿನಕ್ಕಿಂತ ಹೆಚ್ಚು ಉಳಿದ್ರೆ ತಕ್ಷಣ ಬನ್ನಿ."

ನನ್ನ ಕಿವಿ ಕಾದಿತ್ತು. ಜಗಳಕ್ಕೆ ಇನ್ನೊಂದು ಸುತ್ತು ಸಿದ್ಧವಾಗುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

"ಗೊತ್ತಾಯ್ತು ಮೇಡಂ! ನೀವೂ ನಮ್ಮ ಹಾಗೇ! ಒಂದೇ ಬೆಳಕಲ್ಲಿ ಒಂದೇ ಸಲ ನೋಡಿ ಬಣ್ಣ ಹೇಳೋ ಹಾಗಿಲ್ಲ. ಟ್ಯೂಬ್‌ಲೈಟ್ ಕೆಳಗೆ ಅಕ್ಕತಂಗಿಯರ ಹಾಗಿರೋ ಎರಡು ಬಟ್ಟೆ ಬಿಸಿಲಿಗೆ ಬಂದ್ರೆ ಮುಖ ತಿರುಗಿಸಿಕೊಳ್ತವೆ. ಒದ್ದೆ ಇದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ನನ್ನದಿನ್ನೂ ಒದ್ದೆ ಇದೆ ಅಷ್ಟೇ ತಾನೇ?"

ಡಾಕ್ಟರು ಅವಳನ್ನೇ ನೋಡಿದರು. "ಹೌದು, ಅಷ್ಟೇ" ಎಂದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ನರದ ಊತ ಬೇಗ ಇಳಿಯಲೆಂದು ಮೂರು ದಿನ ಡ್ರಿಪ್ ಹಾಕಿದರು. ಕಣ್ಣು ಬೇಗ ಚೇತರಿಸಿಕೊಳ್ಳಲು ಅದು ಸಹಾಯ ಮಾಡುತ್ತದೆ, ಕಾಯಿಲೆ ಹೌದೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಮೊದಲೇ ಹುರುಪಿನ ಹೆಂಗಸು, ಮೇಲೆ ನಿದ್ದೆ ಓಡಿಸಿ ಹುರುಪೇರಿಸುವ ಆ ಔಷಧಿ! ಮನೆಗೆ ಬಂದವಳು ಕಪಾಟು, ಅಟ್ಟ, ಮಂಚದಡಿ ಎಲ್ಲ ಗುಡಿಸಿ ತೊಳೆದಳು. ಭಾವನ ಶೂಗಳಿಗೆ ಎರಡು ಸಲ ಪಾಲಿಶ್ ಹಾಕಿದಳು. ಭಾವ ಕಾಲು ಮೇಲೆತ್ತಿ ಕೂತು, "ಪಟಾಕಿ, ನಿಮ್ಮಕ್ಕ ನನ್ನನ್ನೂ ಒಗೆದು ಹಗ್ಗಕ್ಕೆ ಹಾಕ್ತಾಳೆ, ನೋಡ್ತಿರು" ಎಂದರು.

ಭಾವನದು ಕ್ಷೌರದ ಅಂಗಡಿ. ಅವರ ಕುರ್ಚಿಯಲ್ಲಿ ಕೂತವರಿಗೆಲ್ಲ ಅಕ್ಕನ ಕಾಯಿಲೆ ಖಚಿತವಾಗಿ ಗೊತ್ತಿತ್ತು. ದಿನಕ್ಕೊಂದು ತೀರ್ಪು ಮನೆಗೆ ಬರುತ್ತಿತ್ತು. ಸೋಮವಾರ ವಿಟಮಿನ್ ಕೊರತೆ, ಮಂಗಳವಾರ ಕನ್ನಡಕದ ನಂಬರು, ಬುಧವಾರ ಗಾಲಿಕುರ್ಚಿ ತಪ್ಪದು ಎಂದು ಯಾರದೋ ಷಡ್ಡಕ. ಓದಿ ಕಲಿತ ಡಾಕ್ಟರು ಮಾತ್ರ ಗೊತ್ತಿಲ್ಲ ಎನ್ನುವುದು, ಕೆನ್ನೆಗೆ ಸೋಪು ಹಚ್ಚಿಸಿಕೊಂಡವರಿಗೆಲ್ಲ ಗೊತ್ತಿರುವುದು! ಗಾಲಿಕುರ್ಚಿಯ ಮಾತು ಕೇಳಿದ ದಿನ ನಾನೇ ಭಾವನ ಅಂಗಡಿಗೆ ಹೋಗಿ ಗಟ್ಟಿಯಾಗಿ ಹೇಳಿಬಂದೆ, "ಇಲ್ಲಿ ಕೂದಲು ಕತ್ತರಿಸ್ತಾರೆ, ಕಾಯಿಲೆ ಹೇಳೋದಿಲ್ಲ." ಎರಡು ದಿನ ಅಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರಂತೆ.

ಈ ನಡುವೆ ಅಕ್ಕನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಬಿಳಿ ಬಟ್ಟೆಯ ನೂರು ಪಟ್ಟಿ ಕತ್ತರಿಸಿ, ಒಂದರಿಂದ ನೂರರವರೆಗೆ ಒಂದಕ್ಕಿಂತ ಒಂದು ಕೂದಲೆಳೆ ಹೆಚ್ಚು ಕೆಂಪಾಗುವ ಹಾಗೆ ಬಣ್ಣ ಹಾಕಿಸಿದಳು. ಹಾಕಿದ್ದು ನಾನು, ಗ್ರಾಂ ಲೆಕ್ಕದಲ್ಲಿ ತೂಗಿ ಹೇಳಿಕೊಟ್ಟದ್ದು ಅವಳು. ದಿನಾ ಬೆಳಿಗ್ಗೆ ಕಿಟಕಿಯ ಪಕ್ಕ ನಿಂತು ನೂರನೆಯ ಪಟ್ಟಿಯನ್ನು ಎಡಗಣ್ಣಿನಿಂದ ನೋಡುವುದು, ಆಮೇಲೆ ಬಲಗಣ್ಣಿನಿಂದ ಅದೇ ರೀತಿ ಕಾಣುವ ಪಟ್ಟಿ ಯಾವುದೆಂದು ಹುಡುಕುವುದು. ಅದೇ ಆ ದಿನದ ಅಂಕ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು.

ಮನೆಯಲ್ಲಿ ಪಂದ್ಯ ನಡೆದ ಹಾಗಾಯಿತು. ಭಾವ ಹಲ್ಲುಜ್ಜುತ್ತಲೇ, "ಸ್ಕೋರ್ ಎಷ್ಟು?" ಎಂದು ಕೂಗುವರು. ನಲವತ್ತನಾಲ್ಕು. ನಲವತ್ತೊಂಬತ್ತು. ಐವತ್ತು ದಾಟಿದ ದಿನ ಮೂವರೂ ಅಡುಗೆಮನೆಯಲ್ಲಿ ಕುಣಿದೆವು. ಬಿಸಿ ಬಿಸಿ ನೀರಿನ ಸ್ನಾನ ಮುಗಿಸಿ ಬಂದು ನೋಡಿದ ದಿನ ದಿಢೀರನೆ ನಲವತ್ತಮೂರಕ್ಕೆ ಇಳಿದು ನನ್ನ ಜೀವ ಬಾಯಿಗೆ ಬಂತು. ಮೈ ಬಿಸಿಯೇರಿದಾಗ ಪೆಟ್ಟುಬಿದ್ದ ನರ ಹಾಗೆ ಮಂಕಾಗುವುದುಂಟು, ತಣ್ಣಗಾದರೆ ಮರಳುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅರ್ಧ ಗಂಟೆಯಲ್ಲಿ ಮರಳಿತು. ಐದನೆಯ ತುಂಡು ಅಷ್ಟು ಕಡುಗೆಂಪಾದದ್ದರ ಗುಟ್ಟೂ ಆಗಲೇ ತಿಳಿಯಿತು. ನೊಂದ ಕಣ್ಣನ್ನು ಕುದಿಯುವ ಹಂಡೆಯ ಮೇಲೆ ಬಗ್ಗಿಸಿ ನೋಡಿದ್ದಳಲ್ಲ!

ಆದರೆ ಪರದೆ? ಯಜಮಾನರು ಕೊಟ್ಟ ನಾಲ್ಕು ದಿನ ಎಂದೋ ಮುಗಿದಿತ್ತು. ಅವರು ಫ್ಯಾಕ್ಟರಿಗೆ ಗಾಡಿ ಹೇಳಿದ ಬೆಳಿಗ್ಗೆ ಅಕ್ಕ ಅಂಗಡಿಗೆ ನುಗ್ಗಿದಳು. ಕಪ್ಪು ಪಟ್ಟಿ ಈಗ ಬಲಗಣ್ಣಿನ ಮೇಲಿತ್ತು. ಕೈಯಲ್ಲಿ ಅಂಥದ್ದೇ ಇನ್ನೊಂದು ಕಪ್ಪು ಪಟ್ಟಿ.

"ಯಜಮಾನ್ರೇ, ಏರಿದ ಬಣ್ಣ ಇಳಿಸೋಕೆ ಹೋದ್ರೆ ಮಖಮಲ್ ಸಾಯುತ್ತೆ. ಆದ್ರೆ ಉಳಿದ ಹನ್ನೊಂದನ್ನ ಏರಿಸಬಹುದಲ್ಲ? ಐದನೇದರ ಕಡುಗೆಂಪಿಗೇ ಎಲ್ಲವನ್ನೂ ತರ್ತೀನಿ. ನನ್ನ ಬಲಗಣ್ಣು ಚೆನ್ನಾಗಿದೆ. ಅದೊಂದನ್ನೇ ನಂಬಿ ಅಂತ ಹೇಳಲ್ಲ. ಎರಡನೇ ಕಣ್ಣು ಇವಳದು." ಎಂದವಳೇ ಆ ಇನ್ನೊಂದು ಪಟ್ಟಿಯನ್ನು ನನ್ನ ತಲೆಗೆ ಕಟ್ಟಿಬಿಟ್ಟಳು.

"ನನಗೇನು ಗೊತ್ತೇ ಬಣ್ಣದ ವಿಷಯ!"

"ಐದನೇದು ಕೆಟ್ಟಿದೆ ಅಂತ ಮೊದಲು ಕೂಗಿದ್ದು ಯಾರು?"

ಯಜಮಾನರು ನಮ್ಮಿಬ್ಬರನ್ನೂ ಪರೀಕ್ಷೆಗೆ ಹಚ್ಚಿದರು. ನೂರು ಪಟ್ಟಿಗಳ ನಂಬರು ಮುಚ್ಚಿ, ಕಲೆಸಿ, ಹತ್ತನ್ನು ಮೇಜಿನ ಮೇಲಿಟ್ಟು ಸಾಲಾಗಿ ಜೋಡಿಸಿ ಎಂದರು. ಅಕ್ಕ ಒಂದು ಮೂಲೆ, ನಾನು ಒಂದು ಮೂಲೆ. ಅಕ್ಕನ ಹತ್ತೂ ಸರಿ. ನನ್ನದು ಎಂಟು. ಯಜಮಾನರು ತಲೆ ಕೆರೆದುಕೊಂಡು ಮ್ಯಾನೇಜರಿಗೆ ಫೋನು ಹಚ್ಚಿ, ಪರದೆ ಇನ್ನಷ್ಟು ಕಡುಗೆಂಪಾದರೆ ನಡೆಯುತ್ತದೆಯೇ ಎಂದು ಕೇಳಿದರು. ಹನ್ನೆರಡೂ ಒಂದೇ ಥರ ಇದ್ದರೆ ಆಯಿತು ಎಂಬ ಉತ್ತರ ಬಂತು. ಗಾಡಿ ಖಾಲಿ ಹೋಯಿತು.

ಆಮೇಲಿನ ಹದಿನಾರು ದಿನ ನನ್ನ ಬದುಕಿನ ಅತಿ ಚೆಂದದ ದಿನಗಳು, ಈಗಲೂ ಎದೆ ತಟ್ಟಿ ಹೇಳುತ್ತೇನೆ. ಬಟ್ಟೆ ಮೇಲೆತ್ತಿದ ಕೂಡಲೇ ಇಬ್ಬರೂ ಅಂಗಳದ ತಂಪಿಗೆ ಓಡಿ, ಪಟ್ಟಿ ಸರಿಸಿ ನೋಡಿ, ಒಬ್ಬರ ಮುಖ ಒಬ್ಬರು ನೋಡದೆ ಚೀಟಿಯಲ್ಲಿ ಬರೆಯುತ್ತಿದ್ದೆವು: ಏರಿಸು, ಅಥವಾ ಸಾಕು. ಎರಡೂ ಚೀಟಿಯಲ್ಲಿ ಸಾಕು ಎಂದಿದ್ದರೆ ಮಾತ್ರ ಬಟ್ಟೆ ಹಗ್ಗಕ್ಕೆ. ಎಷ್ಟೋ ಸಲ ಜಗಳವಾಯಿತು. ಎರಡು ಸಲ ನನ್ನದೇ ಸರಿಯಾಗಿತ್ತು, ಆಗ ಅಕ್ಕನೇ ನನ್ನ ಬೆನ್ನಿಗೆ ಗುದ್ದಿ ಕೂಗಾಡಿದಳು. "ಸರಿ ಬಂತೇನ್ರಮ್ಮಾ?" ಎಂದು ಯಜಮಾನರು ಒಳಗಿನಿಂದ ಕೇಳಿದಾಗಲೆಲ್ಲ ಅಕ್ಕ ಉತ್ತರ ಕೊಡುವ ಮೊದಲೇ ನಾನು, "ಒಣಗಲಿ, ಹೇಳ್ತೀವಿ!" ಎಂದು ಅರಚುತ್ತಿದ್ದೆ. ಅಂಥ ಮಾತು ನನ್ನ ಬಾಯಿಂದ ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ.

ರಂಗಮಂದಿರ ತೆರೆದ ಸಂಜೆ ಭಾವ, ಯಜಮಾನರು ಸೇರಿ ನಾವು ನಾಲ್ವರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ದೀಪ ಆರಿ, ಪರದೆಯ ಮೇಲೆ ಮಾತ್ರ ಬೆಳಕು ಬಿತ್ತು. ಸಭೆ ಒಮ್ಮೆ ಹಾ ಎಂದಿತು. ತಳದಿಂದ ತುದಿಯವರೆಗೆ ಒಂದೇ ಕಡುಗೆಂಪು. ಐದನೆಯ ತುಂಡು ಯಾವುದೆಂದು ಯಜಮಾನರು ಹುಡುಕಿದರು, ನಾನು ಹುಡುಕಿದೆ, ಸಿಗಲಿಲ್ಲ. ಅಕ್ಕ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡಿ, ನನ್ನ ಕಿವಿಯಲ್ಲಿ, "ಎಪ್ಪತ್ತೊಂದು" ಎಂದಳು. ನಾನು ಜೋರಾಗಿ ಶಿಳ್ಳೆ ಹೊಡೆದೆ. ಮುಂದಿನ ಸಾಲಿನವರು ತಿರುಗಿ ನೋಡಿದರು, ನೋಡಲಿ.

ಅಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಅಂಕ ಏರುತ್ತಾ ಹೋಯಿತು, ಎಂಬತ್ತು, ತೊಂಬತ್ತು. ನಾನು ಕಾಯಿಲೆ ಓಡಿಹೋಯಿತೆಂದೇ ಲೆಕ್ಕ ಹಾಕಿದ್ದೆ. ಡಾಕ್ಟರು ಕ್ಯಾಲೆಂಡರಿನ ಹಾಳೆಗಳನ್ನು ನೋಡಿ ಬೆರಗಾದರು, ಇಷ್ಟು ಚೆಂದದ ದಾಖಲೆ ಯಾವ ರೋಗಿಯೂ ತಂದಿರಲಿಲ್ಲವಂತೆ. ಆದರೂ, "ಎಂ.ಎಸ್. ಇದ್ದವರ ಕಣ್ಣೂ ಹೀಗೆ ಚೇತರಿಸಿಕೊಳ್ಳುತ್ತೆ, ಇಲ್ಲದವರ ಕಣ್ಣೂ ಚೇತರಿಸಿಕೊಳ್ಳುತ್ತೆ. ಇದರಿಂದ ಉತ್ತರ ಸಿಗಲ್ಲ" ಎಂದರು. ಹಾಗಾದರೆ ಈ ನೂರು ಪಟ್ಟಿ ಯಾವ ಪುರುಷಾರ್ಥಕ್ಕೆ ಎಂದು ನಾನು ದಾರಿಯುದ್ದಕ್ಕೂ ಕೂಗಾಡಿದೆ. "ಕಣ್ಣು ಎಲ್ಲಿದೆ ಅಂತ ನನಗೆ ಗೊತ್ತಾಗುತ್ತಲ್ಲ. ಅದು ಸಾಲದಾ?" ಎಂದಳು ಅಕ್ಕ. ಕಾಲು ಸ್ವಲ್ಪ ಜೋಮು ಹಿಡಿದರೂ ಅವಳು ಗಡಿಯಾರ ನೋಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಅವಳು ನೋಡಿದಾಗಲೆಲ್ಲ ನಾನೂ ನೋಡುತ್ತಿದ್ದೆ.

ಆರು ತಿಂಗಳಾದ ಮೇಲೆ ಎರಡನೆಯ ಸ್ಕ್ಯಾನ್. ಮತ್ತೆ ಬಳೆ, ಓಲೆ ನನ್ನ ಮಡಿಲಿಗೆ ಬಂದವು. ಮತ್ತೆ ಅದೇ ಕೋಣೆ, ಅದೇ ಮೇಜು. ಕೆಂಪು ಮುಚ್ಚಳ ಮಾತ್ರ ಹೊಸದು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕದಲ್ಲಿಟ್ಟರು.

"ಹೊಸ ಚುಕ್ಕೆ ಇಲ್ಲ. ಹಳೆಯದು ಹಾಗೇ ಇದೆ."

"ಅಂದ್ರೆ ಕಾಯಿಲೆ ಇಲ್ಲ?" ಮಾತು ನನ್ನದೇ, ಧ್ವನಿ ಮಾತ್ರ ಕೀರಲಾಗಿತ್ತು.

"ಇಲ್ಲ ಅನ್ನುವಷ್ಟು ಧೈರ್ಯ ನನಗಿನ್ನೂ ಇಲ್ಲ. ಹೌದು ಅನ್ನೋಕೆ ಕಾರಣವೂ ಇಲ್ಲ. ಇದು ಒಳ್ಳೆಯ ಸುದ್ದಿನೇ, ಪೂರ್ತಿ ಸುದ್ದಿ ಅಲ್ಲ. ವರ್ಷ ಬಿಟ್ಟು ಮತ್ತೆ ನೋಡೋಣ."

ಅಕ್ಕ ನನ್ನ ಕೈ ಹಿಡಿದುಕೊಂಡಳು, ನಾನು ಮೇಜು ಕುಟ್ಟುತ್ತೇನೆಂದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಕೈ ಮೇಲೇಳಲಿಲ್ಲ. ನಾನು ಎರಡು ಚಿತ್ರಗಳನ್ನೂ ನೋಡುತ್ತಾ ಕೂತೆ, ಒಂದು ಆಗಿನದು, ಒಂದು ಈಗಿನದು. "ಬೆಳಕಿನ ಕಡೆ ಹಿಡಿದು ಇನ್ನೊಂದು ಸಲ ತೋರಿಸ್ತೀರಾ ಮೇಡಂ?" ಎಂದು ಕೇಳಿದೆ. ಡಾಕ್ಟರು ತೋರಿಸಿದರು. ಆ ಮನುಷ್ಯೆ ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಆಗ ಮೊದಲ ಸಲ ನಂಬಿಕೆ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೂ ಕಷ್ಟವಾಗುತ್ತಿತ್ತು.

ಕಾರಿಡಾರಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾವ. ಸ್ಪೀಕರಿನಲ್ಲಿ ಹಾಕಿದ್ದರು, ಹಿಂದೆ ಅಂಗಡಿಯ ಗಲಾಟೆ.

"ಏನಂತೆ ಪಟಾಕಿ? ಹೌದಂತಾ, ಇಲ್ಲವಂತಾ? ಬೇಗ ಹೇಳು, ಕೈ ನಡುಗ್ತಿದೆ. ಕತ್ತಿ ಕೆಳಗಿಟ್ಟು ನಿಂತಿದ್ದೀನಿ. ಇಲ್ಲಿ ಎಲ್ಲರೂ ಕಾಯ್ತಿದ್ದಾರೆ."

ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಓಲೆ ಹಾಕಿಕೊಳ್ಳುತ್ತಾ ಕೈ ನಿಲ್ಲಿಸಿದ್ದಳು.

"ಇನ್ನೂ ಒದ್ದೆ ಇದೆ ಭಾವ," ಎಂದೆ. "ಒಣಗಲಿ, ಹೇಳ್ತೀವಿ."

ಅಷ್ಟು ಹೇಳಿದ್ದೇ ತಡ, ನನಗೆ ಅಳು ನುಗ್ಗಿಕೊಂಡು ಬಂತು. ಆರು ತಿಂಗಳ ಅಳು, ಆಸ್ಪತ್ರೆಯ ಕಾರಿಡಾರಿನ ನಡುವೆ. ಅಕ್ಕನೂ ಅತ್ತಳು. ಆಮೇಲೆ ಫೋನಿನ ಆ ಕಡೆಯಿಂದ, ಭಾವನ ಕುರ್ಚಿಯಲ್ಲಿ ಕೂತ ಯಾರೋ ಮುದುಕರ ದನಿ ಕೇಳಿಸಿತು.

"ಹಾಗಾದ್ರೆ ನನ್ನ ಇನ್ನರ್ಧ ಗಡ್ಡ ಮುಗಿಸಪ್ಪ."

ಅಕ್ಕ ಅಳುತ್ತಿದ್ದವಳು ಪಕ್ಕನೆ ನಕ್ಕಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಕೈಯಲ್ಲಿದ್ದ ಬಳೆಗಳನ್ನು ತೊಡಿಸಿಕೊಳ್ಳಲು ಕೈ ಚಾಚಿ, "ಬೇಗ ಹಾಕೇ," ಎಂದಳು. "ಮಧ್ಯಾಹ್ನದ ಹಂಡೆಗೆ ನೀಲಿ ಇದೆ. ಇಬ್ಬರೂ ನೋಡಬೇಕು."